ಒಂದೇ ಕಥೆ, ಎರಡು ನುಡಿ: ಕೆನಡಾದ ದೂರದರ್ಶನ ಧಾರಾವಾಹಿಗಳಲ್ಲಿ ರಾಷ್ಟ್ರೀಯ ಅಸ್ಮಿತೆಯ ಪ್ರಶ್ನೆ

1950ರ ದಶಕದ ಕೆನಡಾದಲ್ಲಿ ಒಂದು ಕುಟುಂಬವು ವಾರಕ್ಕೆ ಎರಡು ಬಾರಿ ತನ್ನ ಬದುಕನ್ನು ಬದುಕುತ್ತಿತ್ತು; ಒಮ್ಮೆ ಫ್ರೆಂಚಿನಲ್ಲಿ, ಇನ್ನೊಮ್ಮೆ ಇಂಗ್ಲಿಷಿನಲ್ಲಿ. ರೊಜೆ ಲೆಮ್ಲೆಂ ಅವರು 1948ರ ತಮ್ಮ ಕಾದಂಬರಿಯನ್ನು ಆಧರಿಸಿ ಬರೆದ ಪ್ಲೂಫ್ ಕುಟುಂಬದ ಕಥೆ 1953ರಲ್ಲಿ ರೇಡಿಯೊ-ಕೆನಡಾದ ಫ್ರೆಂಚ್ ಜಾಲದಲ್ಲಿಯೂ 1954ರಲ್ಲಿ ಸಿಬಿಸಿಯ ಇಂಗ್ಲಿಷ್ ಜಾಲದಲ್ಲಿಯೂ ಆರಂಭವಾಗಿ, ಎರಡರಲ್ಲೂ 1959ರವರೆಗೆ ನಡೆಯಿತು. ಕ್ವಿಬೆಕ್ ನಗರದ ಕೆಳಪೇಟೆಯ ಕಾರ್ಮಿಕ ಕುಟುಂಬವೊಂದರ ಕಥೆಯಿದು. ನೇರ ಪ್ರಸಾರದ ಕಾಲವಾದ್ದರಿಂದ ಧ್ವನಿ ಬದಲಿಸುವ ಡಬ್ಬಿಂಗ್ ಇಲ್ಲಿರಲಿಲ್ಲ. ಫ್ರೆಂಚಿನಲ್ಲಿ ಅಭಿನಯಿಸಿದ ನಟರೇ ಅದೇ ವಾರದಲ್ಲಿ ಅದೇ ಪಾತ್ರಗಳನ್ನು ಇಂಗ್ಲಿಷಿನಲ್ಲಿಯೂ ಅಭಿನಯಿಸುತ್ತಿದ್ದರು. ಎರಡು ಭಾಷಾಸಮುದಾಯಗಳು ಒಂದೇ ಕಥೆಯನ್ನು, ಅವೇ ಮುಖಗಳನ್ನು, ಒಂದೇ ಕಾಲದಲ್ಲಿ ನೋಡಿದ ಇಂತಹ ಸಂದರ್ಭ ಆ ದೇಶದ ಕಿರುತೆರೆಯ ಚರಿತ್ರೆಯಲ್ಲಿ ವಿರಳ. ರಾಷ್ಟ್ರೀಯ ಏಕತೆಯ ಪ್ರತಿಪಾದಕರಿಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು ಎಂದು ತೋರುವುದು ಸಹಜ.

ಭಾಷಾವಿಜ್ಞಾನಿಯ ಕಿವಿಗೆ ಮಾತ್ರ ಇಲ್ಲಿ ಬೇರೆಯೇ ಒಂದು ಸಂಗತಿ ಕೇಳಿಸುತ್ತದೆ. ಫ್ರೆಂಚ್ ಆವೃತ್ತಿಯಲ್ಲಿ ಪ್ಲೂಫ್ ಮನೆಯವರು ತಮ್ಮ ಅಡುಗೆಮನೆಯಲ್ಲಿ ತಮ್ಮ ಭಾಷೆಯನ್ನು ಆಡುತ್ತಾರೆ. ಅವರ ಮಾತಿನಲ್ಲಿ ವರ್ಗದ, ಬೀದಿಯ, ತಲೆಮಾರಿನ ಗುರುತುಗಳಿವೆಯೇ ಹೊರತು ‘ಪರಕೀಯತೆ’ಯ ಗುರುತಿಲ್ಲ. ಇಂಗ್ಲಿಷ್ ಆವೃತ್ತಿಯಲ್ಲಿ ಅದೇ ತಾಯಿ ಅದೇ ಮಗನಿಗೆ ಅದೇ ಮೇಜಿನ ಬಳಿ ಫ್ರೆಂಚ್ ಧಾಟಿಯ ಇಂಗ್ಲಿಷಿನಲ್ಲಿ ಗದರುತ್ತಾಳೆ. ವರ್ಗದ ಮತ್ತು ತಲೆಮಾರಿನ ವ್ಯತ್ಯಾಸಗಳೆಲ್ಲ ಕುಸಿದು ಒಂದೇ ಒಂದು ಗುರುತು ಉಳಿಯುತ್ತದೆ: ಇವರು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರು. ತಮ್ಮ ಮನೆಯೊಳಗೇ ಇವರು ಅತಿಥಿಗಳಂತೆ ಕೇಳಿಸತೊಡಗುತ್ತಾರೆ. ಕಥೆ ಒಂದೇ, ಮುಖಗಳೂ ಅವೇ. ಆದರೆ ಮಾತಿನ ಸೂಚಕತೆ, ಅಂದರೆ ಮಾತು ಆಡುವವರ ಸಾಮಾಜಿಕ ನೆಲೆಯನ್ನು ಬೆರಳು ಮಾಡಿ ತೋರುವ ಗುಣ, ಎರಡು ಆವೃತ್ತಿಗಳಲ್ಲಿ ಎರಡು ಬೇರೆ ಬೇರೆ ಕುಟುಂಬಗಳನ್ನು ಕಟ್ಟುತ್ತದೆ.

ಕೆನಡಾದ ದೂರದರ್ಶನ ಕಥಾನಕಗಳ ಬಗೆಗಿನ ವಿಮರ್ಶೆ ಈ ಅಂಶವನ್ನು ಸಾಕಷ್ಟು ಗಮನಿಸಿಲ್ಲವೆಂಬುದು ಪ್ರಸ್ತುತ ಲೇಖನದ ಆಕ್ಷೇಪ. ಮೇರಿ ಜೇನ್ ಮಿಲ್ಲರ್ ಅವರ 1987ರ ಗ್ರಂಥ 1952ರಿಂದ ಮುಂದಿನ ಸಿಬಿಸಿ ನಾಟಕಗಳನ್ನು ಶ್ರದ್ಧೆಯಿಂದ ದಾಖಲಿಸಿತು. ಅದಿಲ್ಲದೆ ಈ ಕ್ಷೇತ್ರದಲ್ಲಿ ಯಾರೂ ಒಂದು ಹೆಜ್ಜೆಯನ್ನೂ ಇಡಲಾರರು. ರಿಚರ್ಡ್ ಕಾಲಿನ್ಸ್ ಅವರ 1990ರ ಗ್ರಂಥ ಇನ್ನೂ ಧೈರ್ಯದ ಪ್ರಶ್ನೆಯನ್ನು ಎತ್ತಿತು. ರಾಷ್ಟ್ರವೊಂದು ಬಾಳಬೇಕಾದರೆ ಅದರ ಪ್ರಜೆಗಳೆಲ್ಲರೂ ಒಂದೇ ಸಂಸ್ಕೃತಿಯ ಕಥೆಗಳನ್ನು ಹಂಚಿಕೊಳ್ಳಲೇಬೇಕೆಂಬ ನಂಬಿಕೆಯನ್ನು ಅದು ಪ್ರಶ್ನಿಸಿತು. ಬಹುಪಾಲು ಅಮೆರಿಕದ ಧಾರಾವಾಹಿಗಳನ್ನೇ ನೋಡುತ್ತ ಬಂದ ಕೆನಡಾದ ಪ್ರಜೆಗಳು ಅಮೆರಿಕನ್ನರಾಗಿಬಿಡಲಿಲ್ಲ. ಆದ್ದರಿಂದ ರಾಜಕೀಯ ಸಾರ್ವಭೌಮತ್ವಕ್ಕೂ ಕಿರುತೆರೆಯ ಸಂಸ್ಕೃತಿಗೂ ನಾವು ಊಹಿಸಿಕೊಂಡಷ್ಟು ಬಿಗಿಯಾದ ನಂಟಿಲ್ಲ ಎಂಬುದು ಅವರ ವಾದದ ತಿರುಳು. ಈ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ನನ್ನ ತಕರಾರು ಅದರ ಆಧಾರ ಸಾಮಗ್ರಿಯನ್ನು ಕುರಿತದ್ದು. ಕಥಾವಸ್ತು, ಸ್ಥಳ, ಪಾತ್ರಗಳ ಮೌಲ್ಯಗಳು, ವೀಕ್ಷಕರ ಸಂಖ್ಯೆ ಇವೆಲ್ಲವೂ ಈ ಚರ್ಚೆಯಲ್ಲಿ ಎಣಿಕೆಗೆ ಬರುತ್ತವೆ. ಭಾಷೆ ಬಂದಾಗ ಅದು ಇಂಗ್ಲಿಷ್ ಅಥವಾ ಫ್ರೆಂಚ್ ಎಂಬ ಎರಡು ಇಡೀ ಗಟ್ಟಿಗಳಾಗಿ ಬರುತ್ತದೆ. ಪ್ರಭೇದವಾಗಿ, ಧಾಟಿಯಾಗಿ, ಒಂದು ವಾಕ್ಯದಲ್ಲಿ ಯಾವ ನುಡಿಯನ್ನು ಆಯ್ದುಕೊಳ್ಳಬೇಕೆಂಬ ನಿರ್ಧಾರವಾಗಿ ಬರುವುದು ಅಪರೂಪ.

ವಿಮರ್ಶಕರಿಗಿಂತ ಮೊದಲು ಕಾನೂನೇ ಹೀಗೆ ಯೋಚಿಸಿತು. 1968ರ ಪ್ರಸಾರ ಕಾಯಿದೆ ಸಾರ್ವಜನಿಕ ಪ್ರಸಾರ ಸಂಸ್ಥೆಗೆ ರಾಷ್ಟ್ರೀಯ ಏಕತೆಯನ್ನು ಬೆಳೆಸುವ ಹೊಣೆಯನ್ನು ಹೊರಿಸಿತ್ತು. 1991ರ ಕಾಯಿದೆ ‘ಏಕತೆ’ಯನ್ನು ಕೈಬಿಟ್ಟು, ಹಂಚಿಕೊಂಡ ರಾಷ್ಟ್ರೀಯ ಪ್ರಜ್ಞೆ ಮತ್ತು ಅಸ್ಮಿತೆಗೆ ಕೊಡುಗೆ ನೀಡಬೇಕೆಂದಿತು. ಅದೇ ಕಾಯಿದೆ ಎರಡು ಅಧಿಕೃತ ಭಾಷಾಸಮುದಾಯಗಳ ಭಿನ್ನ ಅಗತ್ಯಗಳನ್ನೂ ಬಿಂಬಿಸಬೇಕೆನ್ನುತ್ತದೆ. ಭಾಷೆಗಳು ಎರಡು, ಅಸ್ಮಿತೆ ಏಕವಚನ. ಈ ವಾಕ್ಯರಚನೆಯೊಳಗೇ ಒಂದು ಬಿರುಕಿದೆ. ‘ರಾಷ್ಟ್ರೀಯ’ ಎಂಬ ವಿಶೇಷಣಕ್ಕೆ ಎರಡು ಭಾಷೆಗಳಲ್ಲಿ ಒಂದೇ ನಿರ್ದೇಶ್ಯವಿಲ್ಲ. ಒಟ್ಟಾವದಲ್ಲಿ ಅದು ಇಡೀ ದೇಶವನ್ನು ಸೂಚಿಸಿದರೆ, 1968ರಲ್ಲಿ ತನ್ನ ಶಾಸನಸಭೆಯನ್ನೇ ‘ರಾಷ್ಟ್ರೀಯ ಸಭೆ’ ಎಂದು ಕರೆದುಕೊಂಡ ಕ್ವಿಬೆಕ್‌ನಲ್ಲಿ ಅದು ಕ್ವಿಬೆಕ್ಕನ್ನು ಸೂಚಿಸುತ್ತದೆ. ಪ್ರಸಾರ ನಿಯಂತ್ರಣ ಆಯೋಗವು ದಶಕಗಳ ಕಾಲ ಬಳಸಿದ ಅಂಕಪದ್ಧತಿಯಂತೂ ಈ ಗೊಂದಲವನ್ನು ಬದಿಗಿಟ್ಟು ಮುಂದೆ ಸಾಗಿತು. ನಿರ್ದೇಶಕರಿಗೆ 2, ಚಿತ್ರಕಥೆಗಾರರಿಗೆ 2, ಇಬ್ಬರು ಪ್ರಮುಖ ನಟರಿಗೆ ತಲಾ 1, ಛಾಯಾಗ್ರಹಣ, ಕಲಾನಿರ್ದೇಶನ, ಸಂಗೀತ, ಸಂಕಲನಗಳಿಗೆ ತಲಾ 1. ಈ 10ರಲ್ಲಿ ಕನಿಷ್ಠ 6 ಅಂಕ ಬಂದರೆ ಕೃತಿ ‘ಕೆನಡಿಯನ್’. ಯಾರ ಬಳಿ ಕೆನಡಾದ ಪೌರತ್ವವಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ತೆರೆಯ ಮೇಲೆ ಯಾರು ಹೇಗೆ ಮಾತನಾಡುತ್ತಾರೆ ಎಂಬುದಕ್ಕೆ ಒಂದು ಅಂಕವೂ ಇಲ್ಲ. ಇರಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಉಚ್ಚಾರಣೆಗೆ ಅಂಕ ನೀಡುವ ಆಯೋಗವನ್ನು ಕಲ್ಪಿಸಿಕೊಂಡರೇ ಭಯವಾಗುತ್ತದೆ. ಆದರೆ ವಿಮರ್ಶೆಯೂ ಆಡಳಿತದ ಈ ಕಿವುಡುತನವನ್ನು ಅನುಸರಿಸಬೇಕಾಗಿಲ್ಲ.

ಪ್ಲೂಫ್ ಪ್ರಯೋಗಕ್ಕೆ ಮೂರು ದಶಕಗಳ ನಂತರ ಉತ್ತರಾಧಿಕಾರಿಯೊಂದು ಬಂದಿತು. 1986ರಲ್ಲಿ ಆರಂಭವಾದ ‘ಲಾನ್ಸ್ ಎ ಕೋಂತ್’ ಎಂಬ ಹಾಕಿ ಧಾರಾವಾಹಿಯ ಆರಂಭದ ದೃಶ್ಯಗಳನ್ನು ಫ್ರೆಂಚಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಎಂದು ಎರಡೆರಡು ಬಾರಿ ಚಿತ್ರೀಕರಿಸಲಾಯಿತು. ದೇಶವನ್ನು ಒಂದುಗೂಡಿಸುವ ಆಟವೆಂದು ಎಲ್ಲರೂ ಕೊಂಡಾಡುವ ಹಿಮದ ಹಾಕಿಯೇ ಕಥಾವಸ್ತು. ಆದರೂ ಫ್ರೆಂಚ್ ಆವೃತ್ತಿ ಕ್ವಿಬೆಕ್‌ನಲ್ಲಿ ಮನೆಮಾತಾಗಿ ಮುಂದಿನ ಎಷ್ಟೋ ಋತುಗಳಿಗೆ ಬೆಳೆದರೆ, ಇಂಗ್ಲಿಷ್ ಆವೃತ್ತಿ ನಿಲ್ಲಲಿಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಮಾರುಕಟ್ಟೆಯದು: ಇಂಗ್ಲಿಷ್ ವೀಕ್ಷಕರಿಗೆ ಅಮೆರಿಕದ ವಾಹಿನಿಗಳು ಕೈಗೆಟುಕುವಂತಿದ್ದವು, ಫ್ರೆಂಚ್ ವೀಕ್ಷಕರಿಗೆ ಭಾಷೆಯೇ ಬೇಲಿಯಾಗಿತ್ತು. ಇದು ಸುಳ್ಳಲ್ಲ. ಆದರೆ ಧಾರಾವಾಹಿಯ ಒಳಗೇ ಇರುವ ಕಾರಣವೊಂದನ್ನೂ ಗಮನಿಸಬೇಕು. ಕಥೆಯ ತಂಡದ ಹೆಸರು ‘ನ್ಯಾಷನಲ್’. ಕ್ವಿಬೆಕ್ ನಗರದ ತಂಡಕ್ಕೆ ಆ ಹೆಸರಿಟ್ಟಾಗ ಫ್ರೆಂಚ್ ಕಿವಿಗೆ ಕೇಳಿಸುವ ‘ರಾಷ್ಟ್ರ’ವೂ ಇಂಗ್ಲಿಷ್ ಕಿವಿಗೆ ಕೇಳಿಸುವ ‘ರಾಷ್ಟ್ರ’ವೂ ಒಂದೇ ಅಲ್ಲ. ಪದ ಒಂದಕ್ಷರವೂ ಬದಲಾಗದೆ ಗಡಿ ದಾಟಿತು. ಅರ್ಥ ಹಿಂದೆ ಉಳಿಯಿತು.

ಅದಕ್ಕಿಂತ ಗಂಭೀರವಾದದ್ದು ಚಿತ್ರೀಕರಣದ ಮಾದರಿಯೇ ಹೇರುವ ನಿರ್ಬಂಧ. ಕ್ವಿಬೆಕ್‌ನ ಹಾಕಿ ತಂಡವೊಂದರ ವೇಷ ಬದಲಿಸುವ ಕೋಣೆ ಎಂದರೆ ಭಾಷಾಪಲ್ಲಟದ ತಾಣ. ಊರವನೊಂದಿಗೆ ಫ್ರೆಂಚ್, ಪಶ್ಚಿಮ ಪ್ರಾಂತ್ಯದಿಂದ ಬಂದ ಆಟಗಾರನೊಂದಿಗೆ ಇಂಗ್ಲಿಷ್, ಎರಡರ ನಡುವೆ ಆಟದ ಪರಿಭಾಷೆ. ಯಾರು ಯಾರಿಗಾಗಿ ಯಾವ ನುಡಿಗೆ ಹೊರಳುತ್ತಾರೆ ಎಂಬುದರಲ್ಲಿಯೇ ಅಲ್ಲಿನ ಅಧಿಕಾರದ ವಿನ್ಯಾಸ ಬಯಲಾಗುತ್ತದೆ. ಅಲನ್ ಬೆಲ್ 1984ರಲ್ಲಿ ‘ಶ್ರೋತೃ ವಿನ್ಯಾಸ’ವೆಂದು ಕರೆದ ವಿದ್ಯಮಾನಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಆದರೆ ಪ್ರತಿ ದೃಶ್ಯವನ್ನೂ ಎರಡು ಭಾಷೆಗಳಲ್ಲಿ ಬೇರೆ ಬೇರೆಯಾಗಿ ಚಿತ್ರಿಸುವ ಪದ್ಧತಿಯ ತರ್ಕವೇ ಪ್ರತಿ ಆವೃತ್ತಿಯೂ ಆದಷ್ಟು ಏಕಭಾಷಿಕವಾಗಿರಬೇಕೆಂಬುದು. ದ್ವಿಭಾಷಾ ರಾಷ್ಟ್ರದ ಹೆಮ್ಮೆಯ ಪ್ರಯೋಗವು ದ್ವಿಭಾಷಿಕ ಸಂಭಾಷಣೆಯನ್ನೇ ಅಂಚಿಗೆ ತಳ್ಳುವಂತಾಯಿತು. 1969ರ ಅಧಿಕೃತ ಭಾಷಾ ಕಾಯಿದೆ ಪ್ರಜೆಗೆ ತನ್ನ ಭಾಷೆಯಲ್ಲಿ ಸೇವೆ ಪಡೆಯುವ ಹಕ್ಕನ್ನು ಕೊಟ್ಟಿತೇ ಹೊರತು ಎರಡೂ ಭಾಷೆಗಳನ್ನು ಆಡಬೇಕೆಂದು ಕೇಳಲಿಲ್ಲ. ಧಾರಾವಾಹಿಯೂ ಅದೇ ದಾರಿ ಹಿಡಿಯಿತು.

ಮೂರನೆಯ ಪ್ರಕರಣವಾದ ‘19-2’ ಇತ್ತೀಚಿನದು, ನನ್ನ ದೃಷ್ಟಿಯಲ್ಲಿ ಅತ್ಯಂತ ಜಟಿಲವಾದದ್ದೂ ಹೌದು. ಮಾಂಟ್ರಿಯಲ್‌ನ ಇಬ್ಬರು ಗಸ್ತು ಪೊಲೀಸರ ಈ ಕಥೆಯನ್ನು ರೆಯಾಲ್ ಬೊಸ್ಸೆ ಮತ್ತು ಕ್ಲೋದ್ ಲೆಗೋ ರೂಪಿಸಿ ತಾವೇ ಅಭಿನಯಿಸಿದರು. 2011ರಿಂದ 2015ರವರೆಗೆ ರೇಡಿಯೊ-ಕೆನಡಾದಲ್ಲಿ ಅದು ಪ್ರಸಾರವಾಯಿತು. 2014ರಿಂದ 2017ರವರೆಗೆ ಬೇರೆ ನಟರೊಂದಿಗೆ ಇಂಗ್ಲಿಷ್ ಆವೃತ್ತಿ ಬಂದಿತು. ಗಮನಿಸಬೇಕಾದ ಅಂಶವೆಂದರೆ, ಇಂಗ್ಲಿಷ್ ಆವೃತ್ತಿ ಕಥೆಯನ್ನು ಟೊರಾಂಟೊಗೆ ಸ್ಥಳಾಂತರಿಸಲಿಲ್ಲ. ಊರು ಮಾಂಟ್ರಿಯಲ್ಲೇ, ಠಾಣೆಯೂ ಅದೇ. ನಿಕ್ ಬೆರಾಫ್ ‘ನಿಕ್ ಬ್ಯಾರನ್’ ಆದ, ಬೆನ್ವಾ ಶಾರ್ತಿಯೆ ‘ಬೆನ್ ಚಾರ್ಟಿಯರ್’ ಆದ. ಎರಡನೆಯ ಹೆಸರಿನಲ್ಲಿ ಫ್ರೆಂಚ್ ಕುಲನಾಮ ಉಳಿದಿದೆ, ಆದರೆ ಅದನ್ನು ಹೊತ್ತವನ ಇಂಗ್ಲಿಷಿನಲ್ಲಿ ಫ್ರೆಂಚಿನ ನೆರಳಿಲ್ಲ. ಫ್ರೆಂಚ್ ಆವೃತ್ತಿಯ ಪೊಲೀಸರು ‘ಜುವಾಲ್’ ಎಂದು ಒಮ್ಮೆ ಹೀಯಾಳಿಸಲ್ಪಟ್ಟ ಮಾಂಟ್ರಿಯಲ್‌ನ ದುಡಿಯುವ ಜನರ ಫ್ರೆಂಚಿಗೆ ಹತ್ತಿರದ ಮಾತನ್ನಾಡುತ್ತಾರೆ. ಅವರ ಬೈಗುಳಗಳು ಚರ್ಚಿನ ಪೂಜಾಸಾಮಗ್ರಿಗಳ ಹೆಸರುಗಳಿಂದ ಹುಟ್ಟಿದವು. ಕ್ಯಾಥೊಲಿಕ್ ಚರ್ಚಿನ ಹಿಡಿತದಲ್ಲಿದ್ದ ಸಮಾಜವೊಂದರ ಚರಿತ್ರೆಯೇ ಆ ಪದಗಳಲ್ಲಿ ಹೆಪ್ಪುಗಟ್ಟಿದೆ. ಇಂಗ್ಲಿಷ್ ಆವೃತ್ತಿಯ ಬೈಗುಳ ಇಂಗ್ಲಿಷಿನದೇ ಆದ ದೇಹಸಂಬಂಧಿ ಬೈಗುಳ. ಸಿಟ್ಟಿನ ಪ್ರಮಾಣ ಸಮಾನ, ಚರಿತ್ರೆ ಶೂನ್ಯ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳಬಹುದು. ರಂಗಭೂಮಿಯಲ್ಲಿ, ಚಲನಚಿತ್ರದಲ್ಲಿ ಒಂದು ಭಾಷೆ ಇನ್ನೊಂದರ ಪ್ರತಿನಿಧಿಯಾಗಿ ನಿಲ್ಲುವುದು ಹಳೆಯ ಒಪ್ಪಂದ. ಷೇಕ್ಸ್‌ಪಿಯರನ ರೋಮನ್ನರು ಇಂಗ್ಲಿಷಿನಲ್ಲಿ ಮಾತನಾಡಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಮಾಂಟ್ರಿಯಲ್ ಪೊಲೀಸರು ಇಂಗ್ಲಿಷಾಡಿದರೆ ಮಾತ್ರ ಏಕೆ? ಏಕೆಂದರೆ ರೋಮಿನ ಬೀದಿಯಲ್ಲಿ ಇಂಗ್ಲಿಷ್ ಇರಲಿಲ್ಲ, ಮಾಂಟ್ರಿಯಲ್ ಬೀದಿಯಲ್ಲಿ ಅದು ಇದೆ. ಬದಲಿಯಾಗಿ ಬಂದ ಭಾಷೆ ಕಥೆಯ ಊರಿನಲ್ಲಿಯೇ ಜೀವಂತವಾಗಿದ್ದಾಗ ಆ ಒಪ್ಪಂದ ಮುರಿದುಬೀಳುತ್ತದೆ, ಏಕೆಂದರೆ ಅಲ್ಲಿ ಇಂಗ್ಲಿಷನ್ನು ಆಯ್ದುಕೊಳ್ಳುವುದೇ ಒಂದು ಅರ್ಥವುಳ್ಳ ಕ್ರಿಯೆ. 1977ರ ಫ್ರೆಂಚ್ ಭಾಷಾ ಸನ್ನದಿನ ನಂತರದ ಮಾಂಟ್ರಿಯಲ್‌ನಲ್ಲಿ ಪೊಲೀಸನೊಬ್ಬ ನಾಗರಿಕನನ್ನು ಯಾವ ಭಾಷೆಯಲ್ಲಿ ತಡೆದು ನಿಲ್ಲಿಸುತ್ತಾನೆ ಎಂಬುದು ಸಣ್ಣ ಸಂಗತಿಯಲ್ಲ. (ಬೆಳಗಾವಿಯ ಠಾಣೆಯೊಂದರ ಕಥೆಯಲ್ಲಿ ಪ್ರತಿಯೊಬ್ಬರೂ ಒಂದೇ ಭಾಷೆಯನ್ನಾಡಿದರೆ ಅದನ್ನು ಅಲ್ಲಿನ ವೀಕ್ಷಕರು ಕೇವಲ ಅನುಕೂಲದ ಒಪ್ಪಂದವೆಂದು ಸ್ವೀಕರಿಸುವರೇ ಎಂದು ಯೋಚಿಸಿದರೆ ನಮ್ಮ ಓದುಗರಿಗೆ ಈ ಮಾತು ಮನದಟ್ಟಾದೀತು.) ಪ್ಲೂಫ್ ಮನೆಯ ಇಂಗ್ಲಿಷ್ ಒಂದು ಬಗೆಯ ಸುಳ್ಳಾಗಿತ್ತು. ಆದರೆ ಆ ಧಾಟಿಯಲ್ಲಿ, ಇಲ್ಲಿ ಇನ್ನೊಂದು ಭಾಷೆ ಇದೆ ಎಂಬ ಸಾಕ್ಷ್ಯವಾದರೂ ಉಳಿದಿತ್ತು. ನಾಟಕವಾಗಿ ‘19-2’ರ ಇಂಗ್ಲಿಷ್ ಆವೃತ್ತಿ ಶ್ಲಾಘನೀಯವೇ, ಅದರ ನಟನೆಯನ್ನು ನಾನು ಮೆಚ್ಚುತ್ತೇನೆ. ಭಾಷಿಕ ದಾಖಲೆಯಾಗಿ ಅದು 1954ಕ್ಕಿಂತ ಹಿಂದೆ ಸರಿದಿದೆ.

ಹಾಗಾದರೆ ಇಂಗ್ಲಿಷ್ ಕೆನಡಾ ತನ್ನದೇ ಕಥೆಗಳಲ್ಲಿ ಹೇಗೆ ಕೇಳಿಸುತ್ತದೆ? ಕೆನಡಿಯನ್ ಇಂಗ್ಲಿಷಿನ ಪ್ರಸಿದ್ಧ ಲಕ್ಷಣವನ್ನು ಮಾರ್ಟಿನ್ ಜೂಸ್ 1942ರಲ್ಲಿ ಗುರುತಿಸಿದರು, ಜೆ. ಕೆ. ಚೇಂಬರ್ಸ್ 1973ರಲ್ಲಿ ಅದಕ್ಕೆ ‘ಕೆನಡಿಯನ್ ರೇಸಿಂಗ್’ ಎಂದು ಹೆಸರಿಟ್ಟರು. ಅಘೋಷ ವ್ಯಂಜನಗಳ ಹಿಂದೆ ‘ಐ’, ‘ಔ’ ದ್ವಿಸ್ವರಗಳ ಮೊದಲ ಅಂಶ ಮೇಲಕ್ಕೇರುತ್ತದೆ. ಘೋಷ ವ್ಯಂಜನಗಳ ಹಿಂದೆ ಏರುವುದಿಲ್ಲ. ‘ಮನೆ’ ಎಂಬರ್ಥದ ನಾಮಪದ ‘ಹೌಸ್’ನ ಸ್ವರವೂ ‘ನೆಲೆ ನೀಡು’ ಎಂಬರ್ಥದ ಕ್ರಿಯಾಪದ ‘ಹೌಝ್’ನ ಸ್ವರವೂ ಕೆನಡಿಯನ್ನರ ಬಾಯಲ್ಲಿ ಬೇರೆಯಾಗುವುದು ಹೀಗೆ. ಅಮೆರಿಕನ್ನರು ಇದನ್ನು ‘ಅಬೂಟ್’ ಎಂದು ಅಣಕಿಸುತ್ತಾರೆ. ಅಲ್ಲಿ ‘ಊ’ಕಾರ ಇಲ್ಲವೇ ಇಲ್ಲ. ಆಸಿಫ್ ಅಘಾ ಅವರ ಪರಿಭಾಷೆಯಲ್ಲಿ ಹೇಳುವುದಾದರೆ, ಈ ಲಕ್ಷಣವು ‘ಕೆನಡಿಯನ್’ ಎಂಬ ಸಾಮಾಜಿಕ ಗುರುತಾಗಿ ನೋಂದಣಿಯಾಗಿದೆ, ಆದರೆ ನೋಂದಾಯಿಸಿದವರಲ್ಲಿ ಹೆಚ್ಚಿನವರು ಹೊರಗಿನವರು. ಆದ್ದರಿಂದ ಅದು ತೆರೆಯ ಮೇಲೆ ಎದ್ದು ಕೇಳಿಸಿದಾಗಲೆಲ್ಲ ಹಾಸ್ಯಕ್ಕೆ ಜಾರುತ್ತದೆ.

1994ರ ‘ಡ್ಯೂ ಸೌತ್’ ಈ ಬಿಕ್ಕಟ್ಟನ್ನು ಜಾಣತನದಿಂದ ನಿಭಾಯಿಸಿತು. ಶಿಕಾಗೊಗೆ ಬಂದ ಕೆನಡಾದ ಅಶ್ವಾರೋಹಿ ಪೊಲೀಸ್ ಬೆಂಟನ್ ಫ್ರೇಸರ್‌ನ ಕೆನಡಿಯನ್‌ತನ ಇರುವುದು ಅವನ ಸ್ವರಗಳಲ್ಲಿ ಅಲ್ಲ, ವಿನಯದ ಸೂತ್ರಗಳಲ್ಲಿ. ಬೆದರಿಕೆ ಹಾಕಿದವನಿಗೂ ಧನ್ಯವಾದ ಹೇಳುವ, ಪೂರ್ಣ ವಾಕ್ಯಗಳಲ್ಲಿ ಮಾತನಾಡುವ, ಕೇಳಿದವರಿಗೆಲ್ಲ ತಾನಲ್ಲಿಗೆ ಬಂದ ಕಾರಣವನ್ನು ಒಂದೇ ಧಾಟಿಯಲ್ಲಿ ವಿವರಿಸುವ ಅಭ್ಯಾಸಗಳಲ್ಲಿ ಅದು ಇದೆ. ಧ್ವನಿಯ ಮಟ್ಟದಲ್ಲಿ ಅಡಗಿಸಿದ ವ್ಯತ್ಯಾಸವನ್ನು ಸಂಭಾಷಣಾ ಶಿಷ್ಟಾಚಾರದ ಮಟ್ಟದಲ್ಲಿ ಮರಳಿ ತರುವ ಈ ಉಪಾಯ ಅಮೆರಿಕದ ಜಾಲಕ್ಕೂ ಒಪ್ಪಿಗೆಯಾಯಿತು. ತಮಾಷೆಯೆಂದರೆ ಧಾರಾವಾಹಿಯ ಶಿಕಾಗೊ ಬಹುಪಾಲು ಟೊರಾಂಟೊದಲ್ಲಿಯೇ ಚಿತ್ರಿತವಾದದ್ದು.

ಡಾಕ್ಟೊರಲ್ ತರಗತಿಯೊಂದರಲ್ಲಿ ‘ಆರ್ಫನ್ ಬ್ಲ್ಯಾಕ್’ (2013–2017) ಧಾರಾವಾಹಿಯ ಮೊದಲ ಕಂತನ್ನು ತೋರಿಸಿ, ಇದು ಯಾವ ಊರು ಎಂದು ಕೇಳಿದ್ದೆ. ನ್ಯೂಯಾರ್ಕ್, ಲಂಡನ್, ಶಿಕಾಗೊ ಎಂಬ ಉತ್ತರಗಳು ಬಂದವು. ಟೊರಾಂಟೊ ಎಂದವರು ಯಾರೂ ಇಲ್ಲ. ಅದು ವಿದ್ಯಾರ್ಥಿಗಳ ತಪ್ಪಲ್ಲ. ಕೆನಡಾದ ಮತ್ತು ಅಮೆರಿಕದ ವಾಹಿನಿಗಳ ಜಂಟಿ ಆಶ್ರಯದಲ್ಲಿ ಬಂದ ಆ ಕಥೆ ಊರಿನ ಹೆಸರನ್ನು ಬೇಕೆಂದೇ ಮಸುಕಾಗಿಟ್ಟಿದೆ. ಆದರೆ ಅದರ ಕಥಾಹಂದರವೇ ಧಾಟಿಯ ಮೇಲೆ ನಿಂತಿದೆ. ಲಂಡನ್ನಿನ ದುಡಿಯುವ ವರ್ಗದ ಇಂಗ್ಲಿಷಾಡುವ ಸಾರಾ ತನ್ನಂತೆಯೇ ಇರುವ ಬೆತ್‌ಳ ಬದುಕನ್ನು ಕದಿಯಬೇಕಾದರೆ ಮೊದಲು ಅವಳ ಉಚ್ಚಾರಣೆಯನ್ನು ಕಲಿಯಬೇಕು. ರೆಜೈನಾ ನಗರದ ನಟಿ ಟಟಿಯಾನಾ ಮಸ್ಲಾನಿ ಬ್ರಿಟಿಷ್, ಉಕ್ರೇನಿಯನ್, ಅಮೆರಿಕನ್ ಧಾಟಿಗಳನ್ನೆಲ್ಲ ಒಂದೊಂದು ಪಾತ್ರಕ್ಕೆ ಹಂಚುತ್ತಾರೆ. ಪ್ರತಿ ಧಾಟಿಗೂ ಒಂದು ದೇಶದ ಹೆಸರಿದೆ. ಸಾರಾ ಕಷ್ಟಪಟ್ಟು ಕಲಿತ ಆ ಧಾಟಿಗೆ ಮಾತ್ರ ಹೆಸರಿಲ್ಲ. ಅದು ‘ಸಾಮಾನ್ಯ’. ಮೈಕೆಲ್ ಬಿಲ್ಲಿಗ್ 1995ರಲ್ಲಿ ವಿವರಿಸಿದ, ದಿನನಿತ್ಯ ಕಣ್ಣೆದುರಿದ್ದರೂ ಯಾರೂ ಗಮನಿಸದ ಬಾವುಟದಂತಹ ರಾಷ್ಟ್ರೀಯತೆ ಇಲ್ಲಿ ವಿಲೋಮವಾಗಿದೆ: ಬಾವುಟವನ್ನು ಇಳಿಸಿಟ್ಟ ಮೇಲೂ ಕಂಬದಲ್ಲಿ ಏನೋ ಹಾರುತ್ತಿದೆ. ಆ ಪಾತ್ರಗಳ ‘ಔ’ಕಾರವನ್ನು ಅಳೆದು ನೋಡುವ ಕೆಲಸ ಯಾರಾದರೂ ಕೈಗೊಳ್ಳಬೇಕಾದದ್ದು.

ಇಂಗ್ಲಿಷ್ ಕೆನಡಾದಲ್ಲಿ ನಿಸ್ಸಂದಿಗ್ಧವಾಗಿ ‘ಇಲ್ಲಿಯದು’ ಎಂದು ಕೇಳಿಸುವ ಪ್ರಭೇದ ನ್ಯೂಫೌಂಡ್‌ಲ್ಯಾಂಡಿನದು. ಅದು 1949ರವರೆಗೆ ಕೆನಡಾದ ಭಾಗವೇ ಆಗಿರಲಿಲ್ಲ ಎಂಬುದನ್ನು ನೆನೆದರೆ ‘ರಾಷ್ಟ್ರೀಯ ಧ್ವನಿ’ಯ ಕಲ್ಪನೆ ಇನ್ನಷ್ಟು ಸಡಿಲಗೊಳ್ಳುತ್ತದೆ. ಸೇಂಟ್ ಜಾನ್ಸ್ ನಗರದ ‘ರಿಪಬ್ಲಿಕ್ ಆಫ್ ಡಾಯ್ಲ್’ (2010–2014) ಆ ಪ್ರಭೇದವನ್ನು ಪತ್ತೇದಾರಿ ಕಥೆಯ ಕೇಂದ್ರಕ್ಕೆ ತಂದಿತು. ಆದರೂ ನನಗೆ ಕೇಳಿಸಿದಂತೆ ನಾಯಕನ ಮಾತು ತಿಳಿಯಾಗಿಯೂ ಅಕ್ಕಪಕ್ಕದ ಪಾತ್ರಗಳ ಮಾತು ದಟ್ಟವಾಗಿಯೂ ಇದೆ. ರೊಸಿನಾ ಲಿಪ್ಪಿ-ಗ್ರೀನ್ ಅವರನ್ನು ಓದಿದವರಿಗೆ ಈ ವಿನ್ಯಾಸ ಹೊಸದೇನಲ್ಲ.

ಎರಡು ಅಧಿಕೃತ ಭಾಷೆಗಳ ಚೌಕಟ್ಟಿನ ಹೊರಗಿರುವ ನುಡಿಗಳ ಕಥೆ ಬೇರೆಯೇ. 2021ರ ಜನಗಣತಿಯಲ್ಲಿ 70ಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳು ದಾಖಲಾಗಿವೆ. ವಾಯವ್ಯ ಪ್ರದೇಶದ ಡೆನೆ ಸಮುದಾಯವೊಂದರ ಬದುಕನ್ನು ಚಿತ್ರಿಸಿದ ‘ನಾರ್ತ್ ಆಫ್ 60’ (1992–1997) ಮೂಲನಿವಾಸಿ ನಟರನ್ನು ಪ್ರಮುಖ ಪಾತ್ರಗಳಲ್ಲಿ ನಿಲ್ಲಿಸಿದ್ದು ದೊಡ್ಡ ಹೆಜ್ಜೆ. 2008ರಲ್ಲಿ ಮಿಲ್ಲರ್ ಈ ವಿಷಯವನ್ನೇ ಕುರಿತು ಇನ್ನೊಂದು ಗ್ರಂಥ ಬರೆದರು. ಆದರೆ ಆ ಸಮುದಾಯ ತನ್ನೊಳಗಿನ ಜಗಳವನ್ನೂ ಶೋಕವನ್ನೂ ಆಡುವುದು ಬಹುಪಾಲು ಇಂಗ್ಲಿಷಿನಲ್ಲೇ. ಅಲ್ಲಿನ ಜನರ ಬದುಕಿನಲ್ಲಿ ಇಂಗ್ಲಿಷ್ ನಿಜಕ್ಕೂ ಅಷ್ಟರಮಟ್ಟಿಗೆ ಬೆಳೆದಿದ್ದರೆ ಅದರ ಹಿಂದೆ ಮಕ್ಕಳ ನಾಲಗೆಯಿಂದ ತಾಯ್ನುಡಿಯನ್ನು ಕಿತ್ತ ವಸತಿಶಾಲೆಗಳ ಚರಿತ್ರೆಯಿದೆ. ಆಗ ಇಂಗ್ಲಿಷ್ ಸಂಭಾಷಣೆ ವೀಕ್ಷಕರ ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದವೇ, ಗಾಯದ ನಿಷ್ಠ ದಾಖಲೆಯೇ? ಎರಡೂ ಒಂದೇ ವಾಕ್ಯದಲ್ಲಿ ಬೆರೆತಿರುವುದೇ ಅಲ್ಲಿನ ತೊಡಕು.

2020ರ ‘ಟ್ರಾನ್ಸ್‌ಪ್ಲಾಂಟ್’ನಲ್ಲಿ ಸಿರಿಯಾದ ನಿರಾಶ್ರಿತ ವೈದ್ಯ ಬಶೀರ್ ಟೊರಾಂಟೊ ಆಸ್ಪತ್ರೆಯಲ್ಲಿ ಇಂಗ್ಲಿಷಿನಲ್ಲಿಯೂ ತಂಗಿಯೊಡನೆ ಆಗಾಗ ಅರಬ್ಬಿಯಲ್ಲಿಯೂ ಮಾತನಾಡುತ್ತಾನೆ. ಭಾಷಾಪಲ್ಲಟವನ್ನು ಮನೆಯ ಸಹಜ ಕ್ರಿಯೆಯಾಗಿ ತೋರಿಸಲು ಇಂಗ್ಲಿಷ್ ಜಾಲಕ್ಕೆ ಹೊರನಾಡಿನ ಕುಟುಂಬವೊಂದು ಬೇಕಾಯಿತು. ಆ ಟೊರಾಂಟೊ ಚಿತ್ರಿತವಾದದ್ದು ಮಾಂಟ್ರಿಯಲ್‌ನಲ್ಲಿ. ಅಂದರೆ ಅರಬ್ಬಿ ತೆರೆಗೆ ಬರುವಾಗ ಫ್ರೆಂಚ್ ನಾಮಫಲಕಗಳು ಚೌಕಟ್ಟಿನಿಂದ ಹೊರಗುಳಿಯಬೇಕು.

ಕಾಲಿನ್ಸ್ ಅವರ ವಾದಕ್ಕೆ ಮರಳಿದರೆ, ಹಂಚಿಕೊಂಡ ಕಥೆಗಳಿಲ್ಲದೆಯೂ ಕೆನಡಾ ಬಾಳಿತು ಎಂಬ ಅವರ ತೀರ್ಮಾನಕ್ಕೆ ಒಂದು ತಿದ್ದುಪಡಿ ಅಗತ್ಯ. ಕಥೆಗಳನ್ನು ಹಂಚಿಕೊಳ್ಳುವ ಪ್ರಯತ್ನ ಮೂರು ಬಾರಿಯಾದರೂ ನಡೆದಿದೆ. ಮೂರೂ ಬಾರಿ ಕಥಾವಸ್ತು ಗಡಿ ದಾಟಿತು, ಮಾತಿನ ಸೂಚಕತೆ ದಾಟಲಿಲ್ಲ. ಇದನ್ನು ಸಾಧಿಸಿ ತೋರಿಸಲು ‘19-2’ರ ಎರಡೂ ಆವೃತ್ತಿಗಳ ಮೊದಲ ಋತುವಿನ ಸಂಭಾಷಣೆಗಳನ್ನು ಸಾಲುಸಾಲಾಗಿ ಜೋಡಿಸಿದ ಪಠ್ಯಕೋಶ ಬೇಕು. ಉಪಶೀರ್ಷಿಕೆಗಳನ್ನು ನೆಚ್ಚಿಕೊಂಡರೆ ಸಾಲದು, ಏಕೆಂದರೆ ಅವು ಬೈಗುಳವನ್ನು ಮೆದುಗೊಳಿಸುತ್ತವೆ, ಧಾಟಿಯನ್ನು ಪೂರ್ತಿ ಅಳಿಸುತ್ತವೆ. ಲಿಪ್ಯಂತರವನ್ನು ಕೇಳಿಯೇ ಸಿದ್ಧಪಡಿಸಬೇಕು. ಮೊದಲು ಗುರುತು ಹಾಕಬೇಕಾದದ್ದು ಇಂಗ್ಲಿಷ್ ಆವೃತ್ತಿಯಲ್ಲಿ ಅನುವಾದವಾಗದೆ ಉಳಿದಿರುವ ಫ್ರೆಂಚ್ ಪದಗಳನ್ನು: ಅವು ಯಾರ ಬಾಯಲ್ಲಿವೆ, ಪೊಲೀಸರ ಬಾಯಲ್ಲಿಯೋ, ಅವರು ತಡೆದು ನಿಲ್ಲಿಸಿದವರ ಬಾಯಲ್ಲಿಯೋ ಎಂಬುದನ್ನು.